ಮೂಕ ಕೀಗೆ ಬಾಯಿ ಬಂದದ್ದು

ಗುರುವಾರ, ಮಧ್ಯಾಹ್ನ
ನಿನ್ನ ಕೋಣೆಯ ಬಾಗಿಲ ಹೊರಗೆ, ನೆಲದ ಮೇಲೆ ಕೂತು

ಘನತೆವೆತ್ತ ಅಜ್ಜಿಯವರ ಸನ್ನಿಧಾನಕ್ಕೆ,

ತಾವು ಭಾನುವಾರದಿಂದ ಊಟದ ತಟ್ಟೆ ಒಳಗೆಳೆದುಕೊಳ್ಳಲು ಮಾತ್ರ ಬಾಗಿಲು ತೆರೆಯುತ್ತಿರುವುದರಿಂದ, ಈ ಮನವಿಯನ್ನು ಸಂದಿಯಿಂದ ಒಳಗೆ ತಳ್ಳಲಾಗಿದೆ. ಹರಿದರೆ ಇನ್ನೊಂದು ಪ್ರತಿ ಸಿದ್ಧವಿದೆ.

ಮೊದಲು ಅಮ್ಮನ ವಾದ. "ಆ ಹೋಟೆಲಲ್ಲಿ ಜಾಝ್ ಬಾರಿಸಿ ಹಾಡಿದ್ದು ಸಾಕು. ಇನ್ನಾದ್ರೂ ಆರಾಮಾಗಿರ್ಲಿ ಬಿಡೇ" ಅಂದಳು. ಆರಾಮಾಗಿರೋಳು ಹೀಗೆ ಚಿಲಕ ಹಾಕ್ಕೊಳ್ತಾಳಾ ಎಂದು ಕೇಳಿದೆ. 'ತಲೆಹರಟೆ' ಎಂಬ ಬಿರುದು ಸಿಕ್ಕಿತು, ವಿನಯದಿಂದ ಸ್ವೀಕರಿಸಿದೆ.

ಇನ್ನು ಚರಿತ್ರೆ. ನಿನ್ನನ್ನು ಅಲ್ಲಿ ಸೇರಿಸಿಕೊಂಡದ್ದು ಬರೀ ಪಿಯಾನೋ ಬಾರಿಸಲು. "ಹಾಡೋಕೆ ಚೆಂದದ ಹುಡುಗಿ ಬೇರೆ ಇದಾಳೆ, ನೀನು ಗೋಡೆ ಕಡೆ ಮುಖ ಮಾಡಿ ಕೂತ್ಕೋ" ಅಂದಿದ್ದರಂತೆ ಹಳೆಯ ಮಾಲೀಕರು. ಆ ಪಿಯಾನೋದಲ್ಲಿ ನಡುವಿನ ಒಂದು ಬಿಳಿ ಕೀ ಮೂಕ. ಒತ್ತಿದರೆ ಟಕ್ ಅನ್ನುತ್ತಿತ್ತೇ ಹೊರತು ಸ್ವರವಿಲ್ಲ. ಆ ಸ್ವರ ಬಂದಲ್ಲೆಲ್ಲ ನೀನು ಬಾಯಲ್ಲೇ ಹಾಡಿ ತುಂಬಿಸಿದೆ. ಊಟಕ್ಕೆ ಬಂದವರು ಚಮಚ ಕೆಳಗಿಟ್ಟರು. ಒಂದು ಸ್ವರ ಒಂದು ಸಾಲಾಯಿತು, ಸಾಲು ಹಾಡಾಯಿತು, ಚೆಂದದ ಹುಡುಗಿ ಬೇರೆ ಕೆಲಸ ನೋಡಿಕೊಂಡಳು. (ನೀನು ಈ ಕಥೆ ಹೇಳಿದಾಗಲೆಲ್ಲ ಪಾಪ ಅವಳ ಮೂಗು ಇನ್ನಷ್ಟು ಉದ್ದವಾಗುತ್ತದೆ.)

ಕಳೆದ ಶನಿವಾರ ಹೊಸ ಮ್ಯಾನೇಜರ್ ನಿನಗೊಂದು ಮಾತೂ ಹೇಳದೆ ಆ ಕೀ ರಿಪೇರಿ ಮಾಡಿಸಿದ. ನೀನು ಎಂದಿನಂತೆ ಒತ್ತಿ ಹಾಡಿದೆ. ಪಿಯಾನೋ ಕೂಡ ಬಾಯಿ ಬಿಟ್ಟಿತು. ನಿನ್ನ ದನಿ ಅದಕ್ಕಿಂತ ಕೂದಲೆಳೆಯಷ್ಟು ಕೆಳಗೆ. "ಅಜ್ಜಿಗೆ ವಯಸ್ಸಾಯ್ತು, ಶ್ರುತಿ ನಿಲ್ತಿಲ್ಲ" ಎಂದ ಅವನು, ಎಲ್ಲರಿಗೂ ಕೇಳುವ ಹಾಗೆ. ನೀನದನ್ನು ನಂಬಿ, ಪಿಯಾನೋ ಮುಚ್ಚಿ ಎದ್ದು ಬಂದೆ!

ವಯಸ್ಸಂತೆ! ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಡುತ್ತಿದ್ದಾಗಲೂ ಆ ಸ್ವರವನ್ನು ಹೀಗೇ ಬಗ್ಗಿಸುತ್ತಿದ್ದೆ. ನಾನೇ ಸಾಕ್ಷಿ. ಅದು ನಿನ್ನ ಕುಂದಲ್ಲ, ನಿನ್ನ ಗತ್ತು. ಆ ಕೀಗೆ ಬಟ್ಟೆಚೂರು ತುರುಕಿ ಮತ್ತೆ ಮೂಕ ಮಾಡೋಣವೆಂದು ಹೊರಟಿದ್ದೆ. ಬೇಡವೆನಿಸಿತು. ನಾವ್ಯಾಕೆ ಕದ್ದುಮುಚ್ಚಿ ಮಾಡಬೇಕು? ಅದು ಕೂಗಲಿ, ನೀನೂ ಹಾಡು. ಮೊನ್ನೆ ಶನಿವಾರ ನಿನ್ನ ದನಿ ಅದನ್ನು ಉಜ್ಜಿಕೊಂಡು ಹೋದಾಗ, ಮೂಲೆಯ ಮೇಜಿನಲ್ಲಿ ಕೂತಿದ್ದ ನನ್ನ ಮೈ ಜುಂ ಅಂದಿತ್ತು. ಕೇಳಿಸಿಕೊಳ್ಳಲು ಅವನಿಗೆ ಕಿವಿ ಇಲ್ಲದಿದ್ದರೆ ಅದು ನಿನ್ನ ತಪ್ಪೇ?

ಈ ಶನಿವಾರ ನಿನ್ನ ಹಾಡಿನ ಆ ಕೆಂಪು ಉಡುಪು ತೊಟ್ಟು ಹೊರಡು. ಈ ಸಲ ಮುಖ ಗೋಡೆಯ ಕಡೆಗಲ್ಲ, ಅವನ ಕಡೆಗೆ.

ಇಂತಿ, ತಮ್ಮ ಏಕೈಕ ಶಿಷ್ಯೆ,
ಬಿರುದಾಂಕಿತ ತಲೆಹರಟೆ

ತಾ.ಕ.: ನಿನ್ನೆ ನಿನ್ನ ಜಾಗಕ್ಕೆ ಹೊಸಬರ ಆಯ್ಕೆಯಿತ್ತು. ನಾನೂ ಹೋಗಿದ್ದೆ. ನಿನ್ನದೇ ಹಾಡು, ಅದೇ ಕೀ ಒತ್ತಿ, ನಿನ್ನಷ್ಟೇ ಕೆಳಗೆ ಹಾಡಿದೆ. ಮ್ಯಾನೇಜರ್ ಎದ್ದು ನಿಂತು ಚಪ್ಪಾಳೆ ಹೊಡೆದು, "ಎಂಥಾ ಹೊಸತನ! ಎಲ್ಲಿ ಕಲಿತ್ಯಮ್ಮ ಇದನ್ನ?" ಎಂದ. ಶನಿವಾರ ಗುರುಗಳೇ ಬಂದು ಹಾಡುತ್ತಾರೆ ಎಂದೆ. ಹೋಟೆಲ್ ಬಾಗಿಲಿಗೆ ಪೋಸ್ಟರ್ ಕೂಡ ಅಂಟಿಸಿದ್ದಾನೆ. ಗುರುಗಳು ಯಾರು ಅಂತ ಮಾತ್ರ ಕೇಳಲಿಲ್ಲ, ನಾನೂ ಹೇಳಲಿಲ್ಲ.