ಗೆಲ್ತೈತಿ ಅಂದದ್ದು

ಚಿಕ್ಕೋಡಿ, ಮಕ್ಕಳ ದವಾಖಾನೆಯ ಪಡಸಾಲೆ
೨೧ ನವೆಂಬರ್ ೨೦೨೪

ಪ್ರೀತಿಯ ಅಳಿಯಂದಿರಾದ ವಿಕ್ರಾಂತ ಅವರಿಗೆ,

ನಿಮ್ಮ ಅತ್ತೆ ಅನುಸೂಯಾಳ ಆಶೀರ್ವಾದಗಳು. ಕಾಗವಾಡದಲ್ಲಿ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿಮ್ಮ ತಂದೆ ಕಾಕಾಸಾಹೇಬರ ಮೊಣಕಾಲು ಹೇಗಿದೆ? ತಾಯಿ ಸಕ್ಕುಬಾಯಿಯವರ ಸಕ್ಕರೆ ಹತೋಟಿಯಲ್ಲಿದೆಯೇ? ದ್ರಾಕ್ಷಿ ತೋಟದ ಆರೋಗ್ಯವನ್ನೂ ಕೇಳಬೇಕು, ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ನಾಜೂಕಿನ ಜೀವ ಅದೇ ತಾನೆ? ಮೋಡ ಹಾಕಿತೆಂದರೆ ನಿಮಗೆ ಊಟ ಸೇರುವುದಿಲ್ಲ, ಎಲೆಗಳನ್ನು ಮಗುಚಿ ಮಗುಚಿ ನೋಡುತ್ತೀರಿ ಎಂದು ನನ್ನ ಮಗಳು ರೂಪಾಲಿ ಹೆಮ್ಮೆಯಿಂದ ಹೇಳುತ್ತಿದ್ದಳು. ಈ ವಾರ ಮೋಡವಿಲ್ಲ. ಊಟ ಚೆನ್ನಾಗಿ ಸೇರುತ್ತಿರಬೇಕು.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನಗಬೇಡಿ. ಫೋನು ಮಾಡಿದರೆ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಡುತ್ತಾರೆ, ಹಾಲು ಹಾಕಲು ಬಂದವನೂ ನಿಂತು ಕೇಳಿ ಹೋಗುತ್ತಾನೆ. ಅಲ್ಲದೆ ನಿಮ್ಮ ಮನೆಯ ಕಿವಿಗಳ ಮೇಲೆ ನನಗಿದ್ದ ನಂಬಿಕೆ ಹೊರಟುಹೋಗಿದೆ. ಬರೆದದ್ದನ್ನು ತಪ್ಪು ಓದಬೇಕಾದರೆ ಸ್ವಲ್ಪ ಹೆಚ್ಚು ಕಷ್ಟಪಡಬೇಕಾಗುತ್ತದೆ. ರಾಯಬಾಗದ ಕನ್ನಡ ಶಾಲೆಯಲ್ಲಿ ತಲೆ ನರೆಯುವ ತನಕ ಮಕ್ಕಳ ಕೈ ಹಿಡಿದು ತಿದ್ದಿಸಿದವಳು ನಾನು, ನನ್ನ ಅಕ್ಷರ ಇನ್ನೂ ದುಂಡಗೇ ಇದೆ. ಮರಾಠಿ ಶಾಲೆ ಕಲಿತ ನಿಮಗೂ ತಿಳಿಯುತ್ತದೆ.

ಮೊದಲು ನಿಮ್ಮ ಮಗಳ ಸುದ್ದಿ. ಹೌದು, ಮಗಳು. ಇದ್ದಾಳೆ. ದಿನ ತುಂಬುವ ಮೊದಲೇ ಅವಸರ ಮಾಡಿ ಬಂದವಳು, ನೀವು ಅವತ್ತು ಗಾಜಿನ ಆಚೆ ನಿಂತು ಫೋಟೋ ತೆಗೆದುಕೊಂಡು ಹೋದಾಗ ಹೇಗಿದ್ದಳೋ ಈಗ ಹಾಗಿಲ್ಲ. ಕೈಕಾಲು ತೊಳೆದು, ದವಾಖಾನೆಯವರು ಕೊಟ್ಟ ಹಸಿರು ನಿಲುವಂಗಿ ಹಾಕಿಕೊಂಡು ಒಳಗೆ ಬನ್ನಿ ಎಂದರೆ ಟ್ರ್ಯಾಕ್ಟರಿನವನು ಕಾಯುತ್ತಿದ್ದಾನೆ ಎಂದಿರಿ. ಬಂದಿದ್ದರೆ ನೋಡುತ್ತಿದ್ದಿರಿ: ಮೂಗಿಗೆ ಗಾಳಿಯ ನಳಿಗೆ, ಬಾಯಿಗೆ ಹಾಲಿನ ನಳಿಗೆ, ಹೊಟ್ಟೆಯ ಚರ್ಮ ಎಷ್ಟು ತೆಳ್ಳಗೆಂದರೆ ಒಳಗಿನ ನರ ಎಣಿಸಬಹುದು. ಈಗ ಮೂಗಿನ ನಳಿಗೆ ತೆಗೆದಿದ್ದಾರೆ. ಆದರೂ ನಡುನಡುವೆ ಉಸಿರಾಡುವುದನ್ನೇ ಮರೆಯುತ್ತಾಳೆ. ಆಗ ಯಂತ್ರ ಕೂಗುತ್ತದೆ, ಭಾಗ್ಯಾ ಸಿಸ್ಟರ್ ಓಡಿ ಬಂದು ಅಂಗಾಲು ಕೆರೆಯುತ್ತಾಳೆ, ಕೂಸು ಸಿಟ್ಟಿಗೆದ್ದು ಮತ್ತೆ ಉಸಿರು ಎಳೆಯುತ್ತದೆ. ಸಿಟ್ಟು ನನ್ನ ಕಡೆಯಿಂದ ಬಂದಿದೆ, ನಿಮ್ಮ ಕಡೆಯಿಂದ ಮರೆವು.

ಈ ಭಾಗ್ಯಾ ಸಿಸ್ಟರ್ ಚಿಂಚಲಿಯ ಕುರಿಗಾರರ ಮನೆಯ ಹುಡುಗಿ. ಅವಳ ಬಾಯಲ್ಲಿ ಮಕ್ಕಳು ಗುಣವಾಗುವುದಿಲ್ಲ, ಗೆಲ್ಲುತ್ತವೆ. ಯಾವ ಕೂಸಿನ ತಾಯಿ ಕೇಳಿದರೂ, "ಹೆದರಬ್ಯಾಡ್ರಿ, ಗೆಲ್ತೈತ್ರಿ" ಎನ್ನುತ್ತಾಳೆ, ಇಲ್ಲವೇ ಕಣ್ಣು ತಗ್ಗಿಸುತ್ತಾಳೆ. ಅವಳು ಆ ಮಾತು ಆಡಲಿ ಎಂದು ಪಡಸಾಲೆಯಲ್ಲಿ ಕೂತ ನಾವೆಲ್ಲ ಕಾಯುತ್ತಿರುತ್ತೇವೆ. ಉಸಿರು ಕೊಡುವ ದೊಡ್ಡ ಯಂತ್ರದಿಂದ ಕೂಸನ್ನು ಬಿಡಿಸಿದ ದಿನ ನಾನು ರೂಪಾಲಿಯ ಜ್ವರಕ್ಕೆ ಮಾತ್ರೆ ತರಲು ಹೋಗಿದ್ದೆ. ಆಗ ವಾರ್ಡಿಗೆ ನಿಮ್ಮ ತಂದೆಯ ಫೋನು ಬಂತಂತೆ. ಆ ಹುಡುಗಿ ಸಂತೋಷದಿಂದ, "ನಿಮ್ಮ ಕೂಸು ಗೆಲ್ತೈತ್ರಿ ಅಜ್ಜಾರ" ಎಂದು ಹೇಳಿದ್ದಾಳೆ. ಕಾಕಾಸಾಹೇಬರು ಆ ಕ್ಷಣ ತೋಟದಲ್ಲಿ ಔಷಧ ಹೊಡೆಯುವ ಯಂತ್ರದ ಪಕ್ಕ ನಿಂತಿದ್ದರಂತೆ. ಆ ಗದ್ದಲದಲ್ಲಿ ಅವರ ಕಿವಿಗೆ ಬಿದ್ದದ್ದು ಗೆಲ್ ಎಂಬುದಷ್ಟೇ. ಉಳಿದದ್ದನ್ನು ಅವರೇ ಮರಾಠಿಯಲ್ಲಿ ತುಂಬಿಕೊಂಡರು. ಬಾಳ ಗೇಲಂ. ಕೂಸು ಹೋಯಿತು.

ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಚೌಕಾಸಿ ಮಾಡುವಾಗ ಅಪ್ಪಟ ಕನ್ನಡ ಬರುವ ಮನುಷ್ಯ ಅವರು. ನನ್ನ ಮಗಳನ್ನು ನೋಡಲು ಬಂದಾಗ ಕನ್ನಡದಲ್ಲಿ ಭಾಷಣವನ್ನೇ ಮಾಡಿದ್ದರು. ಮೊಮ್ಮಗಳ ಜೀವದ ಮಾತು ಬಂದಾಗ ಮಾತ್ರ ಮರಾಠಿ ಕಿವಿ ಮುಂದೆ ಬಂತು. ಇರಲಿ. ನಮ್ಮ ಈ ಗಡಿಯ ಊರುಗಳಲ್ಲಿ ಒಂದು ಮಾತು ಎರಡು ಭಾಷೆಯಲ್ಲಿ ಕಾಲು ಚಾಚಿ ಮಲಗಿರುತ್ತದೆ, ಯಾರಾದರೂ ಎಡವಬಹುದು. ಎಡವಿದವರು ಇನ್ನೊಮ್ಮೆ ಏನಂದಿರಿ ಎಂದು ಕೇಳುತ್ತಾರೆ. ಔಷಧದ ಡಬ್ಬಿಯ ಬೆಲೆಯನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಳ್ಳುವ ನಿಮ್ಮ ತಂದೆ ಇದನ್ನು ಒಂದೇ ಸಲಕ್ಕೆ ನಂಬಿದರು. ಯಂತ್ರವನ್ನು ಬಂದ್ ಮಾಡಿಸಲೂ ಇಲ್ಲ.

ಅದೇ ಸಂಜೆ ಅವರು ನನಗೆ ಫೋನು ಮಾಡಿದರು. ದನಿ ಬಹಳ ಭಾರವಾಗಿತ್ತು. "ಬಾಯಾರ, ಅಲ್ಲೇ ಮುಗಸ್ರಿ ಎಲ್ಲಾ. ಇಷ್ಟ ದೂರ ತರಾಕ ಹೋಗಬ್ಯಾಡ್ರಿ" ಎಂದರು. ಚಿಕಿತ್ಸೆಯ ಮಾತು ಆಡುತ್ತಿದ್ದಾರೆ, ಮಿರಜಿನ ದೊಡ್ಡ ದವಾಖಾನೆಗೆ ಒಯ್ಯುವುದು ಬೇಡ ಎನ್ನುತ್ತಿದ್ದಾರೆ ಎಂದು ತಿಳಿದುಕೊಂಡ ಈ ಪೆದ್ದಿ, "ಹೌದ್ರಿ, ಇಲ್ಲೇ ಎಲ್ಲಾ ಚಲೋ ಮಾಡ್ತಾರ್ರಿ, ನೀವು ಚಿಂತಿ ಬಿಡ್ರಿ" ಎಂದೆ. ಅದಕ್ಕೆ ಅವರು, "ನಿಮ್ಮ ಧೈರ್ಯಾ ದೊಡ್ಡದ ಬಿಡ್ರಿ" ಎಂದರು. ನಾನು ಹಿಗ್ಗಿ ಹೋದೆ. ಬೀಗರು ನನ್ನನ್ನು ಹೊಗಳಿದ್ದು ಅದೇ ಮೊದಲು.

ಅವರು ಆಡಿದ್ದು ಮಣ್ಣು ಮಾಡುವ ಮಾತು ಎಂಬ ನಿಜ ತಿಳಿದದ್ದು ನಿಮ್ಮ ಸೋದರತ್ತೆ ಗೌರಾಬಾಯಿಯವರಿಂದ. ಹಾರೂಗೇರಿಯಿಂದ ಬಸ್ಸು ಹಿಡಿದು ಬಂದರು, ಸಾವಿನ ಮನೆಗೆ ಒಯ್ಯುವಂತೆ ಅನ್ನದ ಬುತ್ತಿ ಕಟ್ಟಿಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು. ವಾರ್ಡಿನ ಬಾಗಿಲಲ್ಲೇ ಕುಸಿದು ಕೂತು, "ಬಂದ ಹೂವು ಬಾಡಿ ಹೋತಲ್ಲಬೇ ನಮ್ಮವ್ವಾ" ಎಂದು ರಾಗ ಎತ್ತಿದರು. ಪಡಸಾಲೆಯಲ್ಲಿದ್ದ ತಾಯಂದಿರೆಲ್ಲ ತಮ್ಮ ಕೂಸೇ ಹೋಯಿತೆಂದು ಎದ್ದು ಬಾಗಿಲಿಗೆ ಮುಗಿಬಿದ್ದರು. ಕಾವಲಿನವನು ಅವರನ್ನು ಹಿಡಿದ, ನಾನು ನಿಮ್ಮ ಸೋದರತ್ತೆಯನ್ನು ಹಿಡಿದೆ. ಯಾರ ಕೂಸು ಎಂದು ನಾನು ಕೇಳಿದರೆ ಅವರು ನನ್ನನ್ನು ತಬ್ಬಿಕೊಂಡು, "ತಲಿ ಕೆಟ್ಟೈತಿ ಪಾಪ" ಎಂದು ಇನ್ನೂ ಜೋರಾಗಿ ಅತ್ತರು. ರಟ್ಟೆ ಹಿಡಿದು ಎಬ್ಬಿಸಿ ಗಾಜಿನ ಬಳಿ ನಿಲ್ಲಿಸಿ ಕೂಸನ್ನು ತೋರಿಸಿದೆ. ಅದು ಕಾಲು ಝಾಡಿಸುತ್ತಿತ್ತು. ಗೌರಾಬಾಯಿ ನೋಡಿದರು, ಕಣ್ಣು ಒರೆಸಿಕೊಂಡರು, ಬುತ್ತಿಯನ್ನು ಬೆನ್ನ ಹಿಂದೆ ಸರಿಸಿಕೊಂಡರು. ಆ ಇಡೀ ಮನೆತನದಲ್ಲಿ ನಾಚಿಕೊಂಡವರು ಅವರೊಬ್ಬರೇ, ಮತ್ತು ಬಂದವರೂ ಅವರೊಬ್ಬರೇ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಕೂಡಲೇ ನಿಮ್ಮ ಮನೆಗೆ ಫೋನು ಮಾಡಿ ಕೂಸು ಬದುಕಿದೆ ಎಂದೆ. ಪೇಡೆ ಹಂಚುತ್ತಾರೆ ಎಂದುಕೊಂಡಿದ್ದೆ. ನಿಮ್ಮ ತಾಯಿಯ ದನಿಯಲ್ಲಿ ಮಾಡಿ ಮುಗಿಸಿದ ಕೆಲಸವನ್ನು ಮತ್ತೆ ಮಾಡಲು ಹೇಳಿದಂಥ ಬೇಸರವಿತ್ತು. "ಬಾಯಾರ, ನಾವು ಅತ್ತ ಮುಗಿಸೀವಿ, ತಲಿ ಮ್ಯಾಲ ನೀರ ಹಾಕ್ಕೊಂಡೀವಿ. ಅತ್ತ ಕೂಸನ್ನ ಹಂಗ ಮನಿಯೊಳಗ ತರಾಕ ಬರೂದಿಲ್ರಿ. ಅಮಾಸಿ ಹೋಗಲಿ, ಶಾಂತಿ ಮಾಡಿಸಿ ನೋಡೂಣು" ಎಂದರು. ನೋಡೂಣು! ಒಂದು ಹಿಡಿ ಜೀವ ಇಲ್ಲಿ ಒಂದೊಂದು ಉಸಿರಿಗೂ ಒದ್ದಾಡುತ್ತಿದ್ದರೆ ಅಲ್ಲಿ ಅದು ಬದುಕಿದ್ದೇ ಒಂದು ಮೈಲಿಗೆ. ನಿಮ್ಮ ತಾಯಿಯವರಿಗೆ ಹೇಳಿ, ಸತ್ತ ಮೇಲೆ ಹತ್ತಿದ ಸೂತಕವಾದರೆ ಸ್ನಾನದಿಂದ ಹೋಗುತ್ತದೆ, ಬದುಕಿದ ಮೇಲೆ ಹತ್ತಿಸಿಕೊಂಡದ್ದಕ್ಕೆ ಯಾವ ಬಾವಿಯ ನೀರೂ ಸಾಲುವುದಿಲ್ಲ.

ಇನ್ನು ನೀವು. ಕೂಸು ಬದುಕಿದೆ ಎಂಬ ಸುದ್ದಿ ಮುಟ್ಟಿದ ಮೇಲೆ ನಿಮ್ಮಿಂದ ನನ್ನ ಮೊಬೈಲಿಗೆ ಬಂದದ್ದು ಜೋಡಿಸಿದ ಎರಡು ಕೈಗಳ ಚಿತ್ರ. ಅಷ್ಟೇ. ಒಂದು ಅಕ್ಷರವಿಲ್ಲ. ಆ ಕೈಗಳನ್ನು ನಾನು ಬಹಳ ಹೊತ್ತು ನೋಡಿದೆ. ದೇವರಿಗೆ ಮುಗಿದದ್ದೋ, ನನಗೆ ಮುಗಿದದ್ದೋ, ಇದರಿಂದ ನನ್ನನ್ನು ಬಿಡಿಸಿ ಎಂದು ಮುಗಿದದ್ದೋ ತಿಳಿಯಲಿಲ್ಲ. ಡಿಗ್ರಿ ಮಾಡಿದವರು, ತೋಟದ ಹನಿ ನೀರನ್ನು ಕೂತಲ್ಲಿಂದಲೇ ಮೊಬೈಲಿನಲ್ಲಿ ಬಿಡುವವರು, ಅಮಾವಾಸ್ಯೆ ಕಳೆಯಲಿ ಎಂದು ತಾಯಿಯ ಸೆರಗಿನ ಹಿಂದೆ ಕೂತಿದ್ದೀರಿ. ರೂಪಾಲಿ ಫೋನು ಮಾಡಿದಾಗಲೆಲ್ಲ ನೀವು ಎತ್ತಲಿಲ್ಲ. ತೋಟದಲ್ಲಿ ಸಿಗ್ನಲ್ ಸಿಗುವುದಿಲ್ಲ, ಈಗ ಔಷಧದ ಗದ್ದಲ ಎಂದು ನಾನೇ ಸುಳ್ಳು ಹೇಳುತ್ತಾ ಬಂದಿದ್ದೇನೆ. ನಿಮ್ಮ ಮನೆಯಲ್ಲಿ ಅವಳ ಕೂಸಿಗಾಗಿ ಅತ್ತು ಮುಗಿಸಿದ್ದು ಅವಳಿಗೆ ಗೊತ್ತಿಲ್ಲ. ಹೇಳಲು ನನಗೆ ಬಾಯಿ ಬರುವುದಿಲ್ಲ.

ಇಷ್ಟೆಲ್ಲ ಬೈದು ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ, ಕೇಳುವಾಗ ನಾಲಗೆ ಕಹಿಯಾಗುತ್ತದೆ. ಕೂಸನ್ನು ದಿನದ ಬಹಳ ಹೊತ್ತು ಬರಿ ಎದೆಗೆ ಒರಗಿಸಿ, ಮೇಲೆ ಬಟ್ಟೆ ಸುತ್ತಿ ಕೂತುಕೊಳ್ಳಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ. ಎದೆಯ ಮೇಲಿದ್ದಾಗ ಉಸಿರಾಡುವುದನ್ನು ಮರೆಯುವುದು ಕಡಿಮೆಯಂತೆ, ನಾನೇ ಕಣ್ಣಾರೆ ನೋಡಿದ್ದೇನೆ. ರೂಪಾಲಿಯ ಹೊಲಿಗೆ ಕೀವಾಗಿ ಜ್ವರ ಬಿಡುತ್ತಿಲ್ಲ, ಹಾಲು ಹಿಂಡಿ ಕೊಡುವಷ್ಟರಲ್ಲೇ ಅವಳಿಗೆ ಸಾಕಾಗುತ್ತದೆ. ನಾನು ಕೂಡುತ್ತೇನೆ, ಆದರೆ ನನ್ನ ಬೆನ್ನು ನನ್ನ ಮಾತು ಕೇಳುವುದಿಲ್ಲ. ಅಪ್ಪನ ಎದೆಯೂ ನಡೆಯುತ್ತದೆ, ಕರೆಸಿ ಎಂದು ಡಾಕ್ಟರಮ್ಮ ದಿನಾ ಕೇಳುತ್ತಾರೆ. ಅಪ್ಪ ಊರಲ್ಲಿಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ. ಅಮಾವಾಸ್ಯೆಯ ಲೆಕ್ಕ ಈ ಕೂಸಿಗೆ ಬರುವುದಿಲ್ಲ. ಬನ್ನಿ. ಒಬ್ಬರೇ ಬನ್ನಿ. ಕೂಸು ನಿಮ್ಮನ್ನು ಏನೂ ಕೇಳುವುದಿಲ್ಲ, ಎದೆ ಬೆಚ್ಚಗಿದ್ದರೆ ಅದಕ್ಕೆ ಸಾಕು.

ಬೀಗರಿಗೆ ನನ್ನ ನಮಸ್ಕಾರ, ಅವರಿಗೆ ಹಿಡಿಸಿದಷ್ಟು ತಿಳಿಸಿ. ನಿಮಗೆ ಆಯುಷ್ಯ, ಆರೋಗ್ಯ, ಮತ್ತು ಇವೆರಡಕ್ಕಿಂತ ಮೊದಲು ಒಂದಿಷ್ಟು ಬುದ್ಧಿ ಕೊಡಲೆಂದು ಚಿಂಚಲಿಯ ಮಾಯಕ್ಕ ದೇವಿಯಲ್ಲಿ ಬೇಡಿಕೊಳ್ಳುವ,

ನಿಮ್ಮ ಅತ್ತೆ
ಅನುಸೂಯಾ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ರೂಪಾಲಿ ಕಾಗದ ಕಸಿದುಕೊಂಡು ಓದಿದಳು. ಅವಳಿಗೆ ಗೊತ್ತಿಲ್ಲ ಎಂದು ಬರೆದದ್ದು ತಪ್ಪು. ಗೌರಾಬಾಯಿಯವರ ದನಿ ಒಳಗೆ ಮಲಗಿದ್ದ ಅವಳ ತನಕ ಕೇಳಿಸಿತ್ತಂತೆ, ಅವತ್ತಿನಿಂದ ಎಲ್ಲ ಗೊತ್ತು, ನನಗೆ ನೋವಾಗಬಾರದೆಂದು ಸುಮ್ಮನಿದ್ದಳು. ಅಳಲಿಲ್ಲ. "ಅವ್ವಾ, ಅವರಿಗೆ ಬರ್ರಿ ಅಂತ ಯಾಕ ಬರದಿ? ಕೂಸು ಸತ್ತೈತಿ ಅಂತ ತಿಳದಾಗ ಅದನ್ನ ಮಣ್ಣ ಮಾಡಾಕ ಬರಲಿಲ್ಲ, ನಾ ಹೆಂಗ ಅದೀನಿ ಅಂತ ನೋಡಾಕ ಬರಲಿಲ್ಲ. ಈಗ ಬದುಕೈತಿ ಅಂದ್ರ ಬರ್ತಾರೇನ?" ಎಂದಳು. ಇಷ್ಟು ಪುಟ ಬೈದರೂ ಈ ಮಾತು ನನಗೆ ಹೊಳೆದಿರಲಿಲ್ಲ ವಿಕ್ರಾಂತ. ಬನ್ನಿ ಎಂದು ಬರೆದದ್ದನ್ನು ನಾನು ಹೊಡೆದು ಹಾಕಿಲ್ಲ, ಕೂಸಿಗಾಗಿ ಹಾಗೇ ಬಿಟ್ಟಿದ್ದೇನೆ. ಆದರೆ ಬಂದರೆ ಮೊದಲು ಅವಳ ಮುಂದೆ ನಿಂತು ಅವಳಿಗೆ ಉತ್ತರ ಹೇಳಿ, ಕೂಸನ್ನು ಆಮೇಲೆ ಕೇಳಿ.