ಕೆಸರಿಗೆ ಬೀಳುವವನು

ಜೊಂಜು, ದಕ್ಷಿಣ ಕೊರಿಯಾ, ನವೆಂಬರ್ 19, ಬುಧವಾರ

ಟಿವಿಯಲ್ಲಿ ನಗಿಸುವಂಥದ್ದೇನಾದರೂ ಸಿಕ್ಕೀತೇ ಎಂದು ಹುಡುಕುವಷ್ಟರಲ್ಲಿ ಇವತ್ತೂ ಕಿಮ್ಚಿ ಸಾರು ತಣ್ಣಗಾಯಿತು. ಹಗುರವಾದ ಕಥೆ ಎಂದು ನಂಬಿ ಕೂತರೆ ಆರನೇ ಕಂತಿಗೆ ಯಾರಿಗೋ ಕ್ಯಾನ್ಸರ್. ನಮ್ಮ ಯಜಮಾನರು ತೀರಿಹೋದ ಮೇಲೆ ಆಸ್ಪತ್ರೆಯ ಮಂಚ ಕಂಡರೂ ಸಾಕು, ಟಿವಿ ಆಫ್ ಮಾಡಿಬಿಡುತ್ತೇನೆ.

ಬೇಸತ್ತು ಬೀದಿಕೊನೆಯ ಸಾರ್ವಜನಿಕ ಬಿಸಿನೀರಿನ ಸ್ನಾನಗೃಹಕ್ಕೆ ಹೋದೆ. ಮಿಂದು, ಅಲ್ಲಿನ ವಿಶ್ರಾಂತಿ ಕೋಣೆಯ ಬೆಚ್ಚಗಿನ ನೆಲದ ಮೇಲೆ ಹೆಂಗಸರ ನಡುವೆ ಮಲಗಿದರೆ ನೆಲವೇ ಮೆಲ್ಲಗೆ ತೇಲಿದಂತಿತ್ತು. ಗೋಡೆಯ ಟಿವಿಯಲ್ಲಿ ಯಾವನೋ ನಟ ಗದ್ದೆ ನಾಟಿ ಮಾಡುತ್ತಿದ್ದ. ಅರೆನಿದ್ದೆಯಲ್ಲೇ ರಿಮೋಟಿಗೆ ಕೈಚಾಚಿದೆ. ಪಕ್ಕದಲ್ಲಿ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದ ಮಲ್ಸುನ್ ಅಜ್ಜಿ ಗದರಿದರು.

"ಏಯ್, ಮುಟ್ಬೇಡ್ವೇ! ಈಗ ಕೆಸರಿಗೆ ಬೀಳ್ತಾನೆ ನೋಡು!"

"ಮೊದ್ಲೇ ನೋಡಿದೀರಾ ಅಜ್ಜಿ?"

"ಎಷ್ಟು ಸಲ ನೋಡಿದೀನೋ! ಪ್ರತಿ ಸಲಾನೂ ಬೀಳ್ತಾನೆ, ಪೆದ್ದಮುಂಡೇದು!"

ಅವನು ಬೀಳುವ ಮೊದಲೇ ಎಲ್ಲರೂ ನಕ್ಕರು. ನಾನೂ ನಕ್ಕುಬಿಟ್ಟೆ.

ಮನೆಗೆ ಬಂದು ಟಿವಿಯಲ್ಲಿ ಆ ಕಾರ್ಯಕ್ರಮವನ್ನೇ ಹುಡುಕಿ ಹಾಕಿದೆ. ಬಿದ್ದ. ನಗು ಬರಲಿಲ್ಲ. ಹಿಂದಕ್ಕೆ ಓಡಿಸಿ, ಈ ಸಲ ನಾನೇ ಕೂಗಿದೆ: "ರೀ, ಈಗ ಬೀಳ್ತಾನೆ ನೋಡಿ!"

ಬಿದ್ದ. ಜೋರಾಗಿ ನಕ್ಕೆ. ನಗುತ್ತಲೇ ಇವರು ಕೂರುತ್ತಿದ್ದ ಪಕ್ಕಕ್ಕೆ ತಿರುಗಿದೆ, ಇವರೂ ನಕ್ಕರೇನೋ ಎಂದು.