ಬೆನ್ನಿನ ಮೇಲೆ ಬರೆದ ಅಕ್ಷರ

ಮನೆಯಿಂದ,
ಗುರುವಾರ, ಮಧ್ಯಾಹ್ನ

ನನ್ನ ಟೀಚರಮ್ಮ ಮಗಳಿಗೆ,

ಅಮ್ಮ ಮನಸಾರೆ ಹರಸಿ ಬರೆಯುವುದು. ಮೈಯಲ್ಲಿ ಹುಷಾರಾಗಿದ್ದೀಯಾ? ಅಲ್ಲಿನ ನೀರನ್ನು ಕುದಿಸದೆ ಕುಡಿಯಬೇಡ. ಹಾಸ್ಟೆಲ್ ಕೋಣೆಯ ಚಿಲಕ ಸಡಿಲ ಅಂದಿದ್ದೆಯಲ್ಲ, ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಮಲಗುತ್ತೀಯೋ ಇಲ್ಲವೋ ಅನ್ನುವ ಯೋಚನೆಯಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ. ನನ್ನ ಮಂಡಿನೋವು ಹಾಗೇ ಇದೆ, ಅದನ್ನು ಬಿಡು. ಫೋನ್ ಮಾಡಿದರೆ "ಆಮೇಲೆ ಮಾಡ್ತೀನಮ್ಮಾ, ಸಾಹೇಬ್ರು ಬಂದ್ರು" ಅಂತ ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವಳ ಬರವಣಿಗೆ ಇದು. ಒತ್ತು, ದೀರ್ಘ ತಪ್ಪಿದ್ದರೆ ಆಮೇಲೆ ತಿದ್ದು, ಮೊದಲು ಓದು.

ಓದಲು ಬಾರದ ಮಕ್ಕಳನ್ನು ಓದಿಸುವುದು ಹೇಗೆ ಅಂತ ಕಲಿಸಲು ನಿನ್ನನ್ನು ತರಬೇತಿಗೆ ಕರೆಸಿಕೊಂಡರಲ್ಲ, ಆ ಓದಲು ಬಾರದ ಮಕ್ಕಳನ್ನು ಯಾರ ಮಡಿಲಿಗೆ ಹಾಕಿ ಕರೆಸಿಕೊಂಡರು? ಇದನ್ನು ಕೇಳುವವರೇ ಇಲ್ಲವೇ? ನೀನು ಮನೆಯಲ್ಲೇ ಮರೆತು ಹೋಗಿದ್ದ ಶಾಲೆಯ ಬೀರುವಿನ ಕೀ ಕೊಡೋಣ ಅಂತ ಶಾಲೆಗೆ ಹೋದೆ. ನಿನ್ನ ಮೂರನೆಯ ಕ್ಲಾಸಿನವು ಅಷ್ಟೂ ಹೆಡ್‌ಮಾಸ್ಟರ ಕೋಣೆಯ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಬಾಯಿಯ ಮೇಲೆ ಬೆರಳಿಟ್ಟು ಕೂತಿದ್ದವು. ಪಾಠವಿಲ್ಲ, ಪುಸ್ತಕವಿಲ್ಲ, ಸದ್ದು ಮಾಡದಿರುವುದೇ ವಿದ್ಯೆ! ಹೆಡ್‌ಮಾಸ್ಟರು ಫೋನಿನಿಂದ ತಲೆ ಎತ್ತದೆ, "ಏನ್ಮಾಡ್ಲಿ ತಾಯಿ, ಬದಲಿ ಟೀಚರ್ ಕೊಡಿ ಅಂದ್ರೆ ಮೇಲಿನವ್ರು ನೋಡೋಣ ಅಂತಾರೆ. ಮಕ್ಕಳು ಕೈ ತೊಳೆಯೋ ಫೋಟೊ ಕಳಿಸಿ, ಗಿಡ ನೆಟ್ಟ ಫೋಟೊ ಕಳಿಸಿ ಅಂತಾರೆ. ಫೋಟೊ ಕಳಿಸ್ಲೋ, ಪಾಠ ಮಾಡ್ಲೋ?" ಅಂದರು. ನಲ್ಲಿಯಲ್ಲಿ ನೀರೇ ಇರಲಿಲ್ಲ. ಒಣ ನಲ್ಲಿಯ ಕೆಳಗೆ ಮಕ್ಕಳ ಕೈ ಹಿಡಿಸಿ ಫೋಟೊ ತೆಗೆದರು ಕಣೇ, ನನ್ನ ಕಣ್ಣೆದುರಿಗೇ! ನನಗೆ ಮೈಯೆಲ್ಲ ಉರಿದುಹೋಯಿತು.

ಸುಮ್ಮನೆ ಬರಲಾಗಲಿಲ್ಲ. ಮಕ್ಕಳನ್ನು ಎಬ್ಬಿಸಿಕೊಂಡು ನಿನ್ನ ಕ್ಲಾಸಿಗೆ ಹೋಗಿ ಕೂತೆ. ಆವತ್ತಿನಿಂದ ದಿನಾ ಹೋದೆ. ನನಗೆ ನಿನ್ನ ವಿದ್ಯೆ ಎಲ್ಲಿಂದ ಬರಬೇಕು? ನೀನು ಮಾಡಿಸುತ್ತಿದ್ದ ಹಾಗೆ ಒಬ್ಬರ ಹಿಂದೆ ಒಬ್ಬರನ್ನು ಕೂರಿಸಿ, ಮುಂದಿನವರ ಬೆನ್ನಿನ ಮೇಲೆ ಬೆರಳಿನಲ್ಲಿ ಅಕ್ಷರ ಬರೆಸಿದೆ. ಬೆನ್ನು ಕೊಟ್ಟವರು ಅದು ಯಾವ ಅಕ್ಷರ ಅಂತ ಹೇಳಬೇಕು. "ಅಜ್ಜಿ ಮಿಸ್, ಕಚಗುಳಿ ಆಗುತ್ತೆ!" ಅಂತ ಆ ಗುಂಡ ಉರುಳಾಡಿ ನಗುತ್ತಾನೆ. ನೀನು ಗಪ್‌ಚಿಪ್ ಅಂತ ಕರೆಯುವ, ಬಾಯೇ ಬಿಡದ ಆ ಹುಡುಗಿ ಮಾತ್ರ ಬೆನ್ನು ಕೊಡುವುದಿಲ್ಲ, ಬರೆಯುವುದೂ ಇಲ್ಲ. ಗೋಡೆಗೆ ಒರಗಿ ನೋಡುತ್ತಾಳೆ. ನಿನ್ನ ಬೆನ್ನಿನ ಮೇಲೆ ಮಾತ್ರ ಬರೆಯುತ್ತಿದ್ದಳಂತೆ, ಹೌದೇ?

ಹೋದ ಶುಕ್ರವಾರ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಹೆಡ್‌ಮಾಸ್ಟರ ಮುಖ ಬಿಳಿಚಿಕೊಂಡಿತು. ನನ್ನ ಕಡೆ ಕೈ ತೋರಿಸಿ, "ಇವ್ರು ನೋಡ್ಕೋತಿದ್ದಾರೆ ಸಾರ್" ಅಂದುಬಿಟ್ಟರು. ಸಾಹೇಬರು ನಾನು ಯಾರು, ಏನು ಓದಿದ್ದೇನೆ ಅಂತ ಕೇಳಲಿಲ್ಲ. ಒಂದು ಮಗುವಿನ ಕೈಲೂ ಒಂದು ಸಾಲು ಓದಿಸಲಿಲ್ಲ. "ಭೇಷ್, ವ್ಯವಸ್ಥೆ ಆಗಿದೆಯಲ್ಲ!" ಅಂತ ಫೋಟೊ ತೆಗೆದುಕೊಂಡು ಜೀಪು ಹತ್ತಿದರು. ನಾನೋ, ಪೆದ್ದಿ, ತಲೆ ನೀವಿಕೊಂಡು ಫೋಟೊಗೆ ನಗುತ್ತಾ ನಿಂತಿದ್ದೆ.

ಹೊಟ್ಟೆ ಖಾಲಿ ಬಿಡಬೇಡ. ಜೊತೆಯ ಟೀಚರುಗಳಿಗೆಲ್ಲ ಕೇಳಿದೆ ಅಂತ ಹೇಳು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಹೆದರಿ ಸುತ್ತಿ ಬಳಸಿ ಬರೆದೆ. ಸೋಮವಾರ ಸಂಜೆ ಹೆಡ್‌ಮಾಸ್ಟರು ಮನೆಗೆ ಬಂದಿದ್ದರು. ನೀನಿಲ್ಲದೆಯೂ ಕ್ಲಾಸು ನಡೆಯುತ್ತಿದೆಯಲ್ಲ, ಹಾಗಾಗಿ ಸಾಹೇಬರು ನಿನ್ನನ್ನು ಅಲ್ಲೇ ತರಬೇತಿ ಆಫೀಸಿನಲ್ಲಿ, ಬೇರೆ ಟೀಚರುಗಳಿಗೆ ತರಬೇತಿ ಕೊಡಲು ಉಳಿಸಿಕೊಳ್ಳುತ್ತಾರಂತೆ. "ನಿಮ್ಮ ಮಗಳು ಒಪ್ಪಿ ಸಹಿ ಹಾಕಿದ್ರೆ ಆಯ್ತು, ಬಡ್ತಿ ಇದ್ದ ಹಾಗೇ ತಾಯಿ" ಅಂತ ನಕ್ಕರು. ಬಡ್ತಿಯಂತೆ! ನಾನು ಹೋಗಿ ಕೂತದ್ದೇ ಅವರಿಗೆ ನೆಪವಾಯಿತು. ಮಂಗಳವಾರದಿಂದ ನಾನು ಶಾಲೆಯ ಕಡೆ ತಲೆ ಹಾಕಿಲ್ಲ. ಮಕ್ಕಳು ಗಲಾಟೆ ಮಾಡಲಿ, ಸೂರು ಹಾರಿಹೋಗಲಿ, ಆ ಸದ್ದು ಸಾಹೇಬರ ಕಿವಿಗೆ ಬೀಳಲಿ. ಹೀಗೆ ಹಟ ಹಿಡಿದು ಕೂತರೂ ಶಾಲೆಯ ಗಂಟೆ ಹೊಡೆದಾಗೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಕೂತು ಪಾತ್ರೆ ಉಜ್ಜುತ್ತಿದ್ದೆ. ಬೆನ್ನಿನ ಮೇಲೆ ಏನೋ ಹರಿದಾಡಿದಂತಾಯಿತು. ತಿರುಗಿದರೆ ಗಪ್‌ಚಿಪ್, ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಾಳೆ. ತಿಳಿಯಲಿಲ್ಲ ಮಗೂ, ಇನ್ನೊಮ್ಮೆ ಬರಿ ಅಂದೆ. ಮೆಲ್ಲಗೆ ಬರೆದಳು. ಒಂದೇ ಅಕ್ಷರ. ಬಾ.

ನನ್ನನ್ನು ಕರೆದಳೋ ನಿನ್ನನ್ನು ಕರೆದಳೋ, ಕೇಳುವ ಧೈರ್ಯ ನನಗಾಗಲಿಲ್ಲ. ನೀನು ಸಹಿ ಹಾಕಬೇಡ. ಬಾ.